‘ನಾಚಿಕೆ ಜಾಗ’ ಎಂಬ ಮಾತನ್ನು ಬಿಟ್ಟ ಮೇಲೆ

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಬಗ್ಗೆ ಶಾಲೆಗಳಲ್ಲಿ ತಿಳಿವಳಿಕೆ ಕೊಡುವಾಗ ಬರೀ ಮಾತು ಬದಲಿಸಿದರೆ ಏನಾದೀತು ಎಂದು ನಮ್ಮ ತಂಡದವರೇ ಕೇಳುತ್ತಿದ್ದರು. ಮಧುಗಿರಿ ಕಡೆಯ ಹತ್ತು ಹನ್ನೆರಡು ಶಾಲೆಗಳಲ್ಲಿ ಅದು ಕೈಹಿಡಿದಿರುವುದರಿಂದ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲ ವರ್ಷ ‘ಬ್ಯಾಡ್ ಟಚ್’ ಕಾರ್ಡುಗಳಿಗೆ, ಲ್ಯಾಮಿನೇಷನ್ ಸೇರಿ, ಸುಮಾರು ಆರು ಸಾವಿರ ರೂಪಾಯಿ ಸುರಿದೆ. ಕೆಟ್ಟ ಸ್ಪರ್ಶ ಯಾವುದೆಂದು ಕೇಳಿದರೆ ಮಕ್ಕಳು ಸೂಜಿ ಚುಚ್ಚುವುದು, ಮೇಷ್ಟ್ರು ಕಿವಿ ಹಿಂಡುವುದು ಎಂದರು. ಮೂರನೇ ತರಗತಿಯ ಹುಡುಗನೊಬ್ಬ, “ಮಿಸ್, ನೋವಾಗ್ದಿದ್ರೆ ಅದು ಗುಡ್ ಟಚ್ ಅಲ್ವಾ?” ಎಂದಾಗ ನನ್ನ ಬಳಿ ಉತ್ತರವಿರಲಿಲ್ಲ. ಚಾಕೊಲೇಟ್ ಕೊಟ್ಟು, ಮುದ್ದು ಮಾಡಿ ಹತ್ತಿರವಾಗುವವನು ಆ ಕಾರ್ಡಿನೊಳಗೆ ಸಿಗುವುದೇ ಇಲ್ಲ. ಅಷ್ಟೂ ಕಾರ್ಡುಗಳನ್ನು ಮೂಲೆಗಿಟ್ಟೆ.

ಆಮೇಲೆ ಪೋಷಕರ ಸಭೆ ನಡೆಸಿ, ‘ನಾಚಿಕೆ ಜಾಗ’ ಎನ್ನುವುದನ್ನು ಬಿಡಿಸಿ, ಅಂಗಗಳ ನೇರ ಹೆಸರುಗಳನ್ನೇ ಕಲಿಸಿದೆವು. ನಾಚಿಕೆಯ ಜಾಗಕ್ಕೆ ಏನಾದರೂ ಆದರೆ ಆ ನಾಚಿಕೆಯೂ ತನ್ನದೇ ಎಂದು ಮಗು ತಿಳಿಯುತ್ತದೆ. ಸ್ಪರ್ಶ ಹೇಗನ್ನಿಸಿತು ಎಂದು ಕೇಳುವ ಬದಲು, ‘ಯಾರಿಗೂ ಹೇಳಬೇಡ’ ಎಂದವರು ಯಾರು ಎಂಬುದನ್ನು ಹಿಡಿದು ಮಾತನಾಡಿದೆವು. ಮಕ್ಕಳು ಕೆಟ್ಟುಹೋಗುತ್ತಾರೆ ಎಂದು ತಡೆದಿದ್ದ ಮುಖ್ಯೋಪಾಧ್ಯಾಯರೇ ಮರುವರ್ಷ ಕರೆದರು. ಹಿಂದೆ ಒಬ್ಬರೂ ಬಾಯಿ ಬಿಡದಿದ್ದ ಕಡೆ, ಆ ವರ್ಷ ಆರೇಳು ಮಕ್ಕಳು ತಾವಾಗಿಯೇ ಬಂದು ಹೇಳಿಕೊಂಡರು. ತರಗತಿಯಲ್ಲಿ ನಾನು ಕೇಳುವ ಮೊದಲ ಪ್ರಶ್ನೆಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ಎಲ್ಲರ ಬಾಯಿಗೆ ಬಿದ್ದರೆ, ಮಗುವಿಗೆ ಹೇಳಿಕೊಟ್ಟಿದ್ದಾರೆ ಎಂದು ಆರೋಪಿಯ ವಕೀಲರು ವಾದಿಸುತ್ತಾರೆ.

ಶಿಕ್ಷಕರ ತರಬೇತಿಯಲ್ಲಿ ಇನ್ನೊಂದನ್ನೂ ಪ್ರಯೋಗಿಸಿ ನೋಡಿದೆ. ‘ಚೈಲ್ಡ್ ಪೋರ್ನೋಗ್ರಫಿ’ ಎಂಬ ಪದವನ್ನು ನ್ಯಾಯಾಲಯಗಳು ಬಳಸಬಾರದೆಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಹೇಳಿತ್ತು. ಸುಮಾರು ಮೂವತ್ತು ಶಿಕ್ಷಕರ ಮುಂದೆ ‘ಮಕ್ಕಳ ಅಶ್ಲೀಲ ಚಿತ್ರ’ ಎಂದಾಗ ಚರ್ಚೆಯೆಲ್ಲ ಮೊಬೈಲ್ ಗೀಳಿನ ಸುತ್ತಲೇ ಸುತ್ತಿತು, ‘ಮಗುವಿನ ಮೇಲೆ ನಡೆದ ದೌರ್ಜನ್ಯದ ಚಿತ್ರ’ ಎಂದೊಡನೆ, “ತೆಗೆದವರು ಯಾರು, ಆ ಮಗು ಈಗ ಎಲ್ಲಿದೆ?” ಎಂದು ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ‘ಸಂತ್ರಸ್ತೆ’ ಎಂಬ ಪದವನ್ನೂ ಅಲ್ಲಿಯೇ ಕೈಬಿಟ್ಟೆವು. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಗಂಡು ಹೆಣ್ಣೆಂದು ಭೇದ ಮಾಡದಿದ್ದರೂ, ಆ ಪದ ಗಂಡುಮಕ್ಕಳನ್ನು ಹೊರಗಿಡುತ್ತದೆ.

ಹೇಳಿಕೆಯನ್ನು ಮಗು ಆಡಿದ ಮಾತಿನಲ್ಲೇ ದಾಖಲಿಸಬೇಕೆಂದು ಅದೇ ಕಾಯ್ದೆಯ 26ನೇ ಕಲಂ ಹೇಳುತ್ತದೆ. ಕಳೆದ ವರ್ಷ ಅಂಥ ಒಂದು ಹೇಳಿಕೆಯ ಹೊತ್ತಿನಲ್ಲಿ ನಾನು ಪಕ್ಕದಲ್ಲಿ ಕುಳಿತಿದ್ದೆ. ಮಗು ತಲೆ ತಗ್ಗಿಸದೆ ಅಂಗದ ಹೆಸರು ಹೇಳಿತು. ಸೀರೆಯುಟ್ಟು ಬಂದಿದ್ದ ಮಹಿಳಾ ಎಸ್‌ಐ ಪೆನ್ನು ತಡೆದು, ನನ್ನ ಮುಖ ನೋಡಿ, ಆ ಪದವನ್ನು ಹಾಗೆಯೇ ಬರೆದುಕೊಂಡರು.