ಪದಕಕ್ಕೆ ಕಪ್ಪು ಬಣ್ಣ ಬರಿಸುವ ಕೆಲಸ ಓಟಗಾರರಿಗೇ ಬಿಟ್ಟೆವು

ಬೀದರ್‌ನಲ್ಲಿ ನಾವು 10 ಕಿಲೋಮೀಟರ್ ಓಟ ಶುರು ಮಾಡಿ ಮೂರು ವರ್ಷ ಆಯಿತು. ಎರಡು ವರ್ಷ ಕೈ ಸುಟ್ಟುಕೊಂಡೆವು, ಈ ಸಲ ಗೆದ್ದೆವು. ಎದೆಗೆ ಹಚ್ಚುವ ನಂಬರಿನ ಬಿಬ್, ಸಮಯ ಅಳೆಯುವ ಚಿಪ್, ನೀರಿನ ಟೇಬಲ್, ಪೊಲೀಸ್ ಅನುಮತಿ ಇದೆಲ್ಲ ನಿಮಗೂ ಗೊತ್ತಿರುವುದೇ, ಬಿಡಿ.

ಮೊದಲ ವರ್ಷ ಸ್ಟೇಜು, ಡಿಜೆ, ಹೊರಗಿನಿಂದ ಕರೆಸಿದ ನಿರೂಪಕ. ಅಷ್ಟಕ್ಕೇ 60 ಸಾವಿರದ ಮೇಲೆ ಹೋಯಿತು. ಬಂದವರು 180 ಜನ ಇರಬಹುದು, ಹೆಚ್ಚಿನವರು ಹೈದರಾಬಾದ್ ಕಡೆಯವರು. ಓಡಿದರು, ಫೋಟೊ ತೆಗೆಸಿಕೊಂಡರು, ಒಂಬತ್ತಕ್ಕೆಲ್ಲ ಕಾರು ಹತ್ತಿದರು. ಎದುರಿಗಿದ್ದ ಕೋಟೆಯ ಒಳಗೂ ಹೋಗಲಿಲ್ಲ. ಇನ್ನೂ ಜಾಸ್ತಿ ಕೊಟ್ಟರೆ ನಿಲ್ಲುತ್ತಾರೆ ಅಂತ ಎರಡನೇ ವರ್ಷ ಟೀ ಶರ್ಟು, ಬ್ಯಾಗು ಸೇರಿಸಿದೆವು. ಜನ 140ಕ್ಕೆ ಇಳಿದರು. ಪದಕ ಮಾಡಿಕೊಟ್ಟವರು ಹಿಂದಿನ ವರ್ಷದ ಇಸವಿಯನ್ನೇ ಅಚ್ಚು ಹಾಕಿ ಕಳಿಸಿದ್ದರು, ದುಡ್ಡು ವಾಪಸ್ ಬರಲಿಲ್ಲ. ಎರಡು ವರ್ಷಕ್ಕೆ ಒಂದೂವರೆ ಲಕ್ಷದ ಹತ್ತಿರ ಕೈ ಬಿಟ್ಟಿತು.

ಎರಡನೇ ವರ್ಷದ ಓಟದ ದಿನವೇ ಒಬ್ಬ ಓಟಗಾರ ಊರು ಬಿಡದೆ ಬಿದ್ರಿ ಕೆಲಸದ (ಲೋಹಕ್ಕೆ ಬೆಳ್ಳಿ ಕೂರಿಸಿ ಕಪ್ಪು ಮಾಡುವ ನಮ್ಮೂರ ಕಲೆ) ಅಂಗಡಿಯಲ್ಲಿ ಕೂತಿದ್ದು ನೋಡಿದೆ. ಕಸಬುದಾರರು ಸುಮ್ನೆ ಒಂದು ಚೂರು ಕೊಟ್ಟು ಮಣ್ಣು ಉಜ್ಜಲು ಬಿಟ್ಟಿದ್ದರು. ಲೋಹ ಕಪ್ಪಾಗಿ ಬೆಳ್ಳಿ ಹೂವು ಎದ್ದು ಬಂದಾಗ ಅವನ ಮುಖ ನೋಡಬೇಕಿತ್ತು! ನಾವು ಕೊಟ್ಟಿದ್ದ ಪದಕ ಬೆಂಚಿನ ಮೇಲೆ ಬಿದ್ದಿತ್ತು.

ಹಾಗಾಗಿ ಈ ವರ್ಷ ಪದಕವನ್ನೇ ಬಿದ್ರಿಯಲ್ಲಿ ಮಾಡಿಸಿದೆವು, ಕೊನೆಯ ಕೆಲಸ ಉಳಿಸಿ. ಸತು ತಾಮ್ರದ ಎರಕ, ಮೇಲೆ ಒಂದೇ ಒಂದು ಬೆಳ್ಳಿ ತಂತಿಯ ಎಲೆ. ಓಟ ಮುಗಿಸಿ ಬಂದವರ ಪದಕವನ್ನು ಕಸಬುದಾರರು ಬಿಸಿ ಮಾಡಿ ಕೊಡುತ್ತಾರೆ. ಕೋಟೆ ಮಣ್ಣು, ನವಸಾಗರದ (ಒಂದು ಬಗೆಯ ಉಪ್ಪು) ಲೇಪ ಉಜ್ಜಿ ಕಪ್ಪು ತರುವುದು ಓಟಗಾರರೇ. ಕೈಗೆ ಗ್ಲೌಸು ಕಡ್ಡಾಯ. ಒಂದಕ್ಕೆ 400 ರೂಪಾಯಿ ಚಿಲ್ಲರೆ ಬಿತ್ತು, ಹಳೆಯ ಪದಕ 90ಕ್ಕೆ ಸಿಗುತ್ತಿತ್ತು. ಡಿಜೆ ಕೈಬಿಟ್ಟು, ಶುಲ್ಕ 500ರಿಂದ 800ಕ್ಕೆ ಏರಿಸಿದೆ. 'ದುಡ್ಡು ಕೊಟ್ಟು ಬಂದವರ ಕೈಲಿ ಕೆಲಸ ಮಾಡಿಸ್ತೀಯಾ?' ಅಂತ ನಮ್ಮವರೇ ಬೈದರು.

ನಮ್ಮ ಹೊಲದ ಮಣ್ಣಲ್ಲೂ ಒಮ್ಮೆ ಮಾಡಿ ನೋಡಿದೆ. ಬೂದಿ ಬಣ್ಣ ಬಂತು, ಕಪ್ಪಲ್ಲ. ಮಳೆ ಬಿಸಿಲು ಕಾಣದ ಹಳೆಯ ಮಣ್ಣೇ ಬೇಕು ಅಂತ ಕಸಬುದಾರರು ಹೇಳುವುದು ಸುಮ್ನೆ ಅಲ್ಲ. ಅವರು ಕೋಟೆಯ ಯಾವ ಮೂಲೆಯಿಂದ ತಂದರು ಅನ್ನುವುದು ಅವರಿಗೇ ಇರಲಿ. ಪ್ರಯೋಗದ ದಿನ 15 ಜನಕ್ಕೆ ಒಂದೂವರೆ ತಾಸು ಹಿಡಿದಿತ್ತು. ಓಟದ ದಿನ ಯಾರೂ ಸಾಲಲ್ಲಿ ಕಾಯಬೇಕಾಗಲಿಲ್ಲ. ಅದು ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ.

ಇನ್ನೊಂದು ಮಾಡಿದೆವು. ಅಷ್ಟೂರಿನಲ್ಲಿರುವ ಬಹಮನಿ ಸುಲ್ತಾನರ ಗುಂಬಜ್‌ಗಳ ಹತ್ತಿರ ತಿರುಗಿ ಬರುವಾಗ ಏರು ಬರುತ್ತದಲ್ವಾ, ಅಲ್ಲಿ ಪ್ರತಿಯೊಬ್ಬ ಹೊರಗಿನವರ ಜೊತೆ ಊರಿನ ಒಂದು ಮಗು ಓಡಬೇಕು. ಟೈಮಿಂಗ್ ಹಾಳಾಯಿತು ಅಂತ ಒಬ್ಬರಿಬ್ಬರು ಗೊಣಗಿದರು. ಉಳಿದವರು ಓಟ ಮುಗಿದ ಮೇಲೂ ಆ ಮಗುವನ್ನು ಹುಡುಕಿಕೊಂಡು ಬಂದರು, ಪದಕ ಇಬ್ಬರೂ ಸೇರಿ ಉಜ್ಜಿದರು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ, ಅವರೇ ಶುರು ಮಾಡಿದ್ದು.

ಓಟದ ಹಿಂದಿನ ರಾತ್ರಿ ಓಟಗಾರರ ಕೈಲಿ ರೊಟ್ಟಿ ತಟ್ಟಿಸುವ ಪ್ರಯತ್ನ ಮಾತ್ರ ಕೆಟ್ಟಿತು. ಬೆಳಿಗ್ಗೆ ಓಡುವವರಿಗೆ ನಿದ್ದೆ ಮುಖ್ಯ. ಮುಂದಿನ ಸಲ ಅದನ್ನು ಮಧ್ಯಾಹ್ನಕ್ಕೆ ಇಡುತ್ತೇನೆ, ಪುಂಡಿ ಪಲ್ಯ, ಶೇಂಗಾ ಹಿಂಡಿ ಜೊತೆ.

ಸುಮಾರು 260 ಜನ ಬಂದರು. ಅರ್ಧಕ್ಕಿಂತ ಜಾಸ್ತಿ ಮಂದಿ ಮಧ್ಯಾಹ್ನದ ತನಕ ಊರಲ್ಲೇ ಇದ್ದರು, ಕೋಟೆಯೂ ನೋಡಿದರು. ಖರ್ಚು ಕಳೆದು 20 ಸಾವಿರ ಉಳಿಯಿತು. ಅದನ್ನೇ ಮುಂದಿನ 300 ಪದಕಕ್ಕೆ ಕಸಬುದಾರರಿಗೆ ಮುಂಗಡ ಕೊಟ್ಟಿದ್ದೇನೆ.