ಕಂಪನಿ ಮುಖ್ಯಸ್ಥರ ನಡುವೆ ಚಾಪ್ಲಿನ್ ಸೇವೆ: ನಾನು ಪಾಲಿಸುವ ಕ್ರಮ

ಕಂಪನಿ ನಡೆಸುವವರ ಬಾಗಿಲಿಗೆ ಬರುವವರಿಗೆಲ್ಲ ಏನಾದರೂ ಬೇಕಿರುತ್ತದೆ. ಹೂಡಿಕೆದಾರರಿಗೆ ಲಾಭ, ನೌಕರರಿಗೆ ಬಡ್ತಿ, ಸಲಹೆಗಾರರಿಗೆ ಮುಂದಿನ ಕಾಂಟ್ರಾಕ್ಟ್, ಚರ್ಚಿಗೆ ದೇಣಿಗೆ. ಚಾಪ್ಲಿನ್, ಅಂದರೆ ಜನರಿದ್ದಲ್ಲಿಗೇ ಹೋಗಿ ಆತ್ಮಿಕ ಆಸರೆ ಕೊಡುವ ಧರ್ಮಸೇವಕ, ಕೂಡ ಆ ಸಾಲಿನಲ್ಲಿ ನಿಂತರೆ ಅವನ ಕೆಲಸ ಅಲ್ಲಿಗೇ ಮುಗಿಯಿತು. ದೇವರಲ್ಲಿ ನಂಬಿಕೆ ಇಲ್ಲದ ಮುಖ್ಯಸ್ಥರೂ ಚಾಪ್ಲಿನ್ ಜೊತೆ ಮಾತಿಗೆ ಕೂರುತ್ತಾರೆ. ತಮ್ಮಿಂದ ಏನನ್ನೂ ಬಯಸದವರು ಅವರಿಗೆ ಬೇರೆ ಸಿಗುವುದಿಲ್ಲ ಎಂಬುದೇ ಅದಕ್ಕೆ ಮುಖ್ಯ ಕಾರಣ. ನನ್ನ ನಿಯಮಗಳೆಲ್ಲ ಇದೊಂದನ್ನು ಕಾಯಲು ಹುಟ್ಟಿದವು.

ಈ ಸೇವೆ ಹೊಸದಲ್ಲ. 1857ರ ಸೆಪ್ಟೆಂಬರ್ 23ರಂದು ನ್ಯೂಯಾರ್ಕ್‌ನ ಫುಲ್ಟನ್ ಬೀದಿಯಲ್ಲಿ ಜೆರೆಮಯ ಲ್ಯಾನ್‌ಫಿಯರ್ ವ್ಯಾಪಾರಸ್ಥರಿಗಾಗಿ ಮಧ್ಯಾಹ್ನದ ಪ್ರಾರ್ಥನೆ ಶುರುಮಾಡಿದಾಗ ಬಂದವರು ಆರೇ ಜನ. ಐದು ನಿಮಿಷಕ್ಕೆ ಬಂದು ಎದ್ದುಹೋದರೂ ಸರಿ ಎನ್ನುವ ಕರೆ ಅದು. 1944ರಲ್ಲಿ ಶೆಫೀಲ್ಡ್‌ನಲ್ಲಿ ಟೆಡ್ ವಿಕ್‌ಹ್ಯಾಮ್ ಉಕ್ಕಿನ ಕಾರ್ಖಾನೆಗಳ ಒಳಗೇ ಹೋಗಿ ಕೆಲಸಗಾರರ ಜೊತೆ ಮಾತಿಗಿಳಿದರು. 1961ರಲ್ಲಿ ಲಂಡನ್ನಿನ ಸೇಂಟ್ ಹೆಲೆನ್ಸ್ ಬಿಷಪ್ಸ್‌ಗೇಟ್ ಚರ್ಚು ಹಣಕಾಸು ವಲಯದವರಿಗೆಂದು ಮಂಗಳವಾರದ ಊಟದ ವೇಳೆಯ ಪ್ರವಚನ ಆರಂಭಿಸಿತು. ಮೂವರೂ ನಡೆದದ್ದು ಕೆಲಸದ ಗಡಿಯಾರದ ಪ್ರಕಾರ, ಚರ್ಚಿನ ಗಡಿಯಾರದ ಪ್ರಕಾರ ಅಲ್ಲ. ಆದರೆ ಲ್ಯಾನ್‌ಫಿಯರ್ ಮುಂದೆ ಕೂತವರಿಗೆ ಬೈಬಲ್ ಗೊತ್ತಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನಗಣತಿಯಲ್ಲಿ ತಮ್ಮನ್ನು ಕ್ರೈಸ್ತರೆಂದು ಬರೆಸಿದವರು 2011ರಲ್ಲಿ ಶೇ. 59.3 ಇದ್ದರು, 2021ಕ್ಕೆ ಶೇ. 46.2 ಆದರು, ಯಾವ ಧರ್ಮವೂ ಇಲ್ಲ ಎಂದವರು ಶೇ. 37.2. ಈಗ ಎದುರು ಕೂರುವವರಲ್ಲಿ ಯೇಸು ಹೇಳಿದ ತಪ್ಪಿಹೋದ ಮಗನ ಕಥೆಯನ್ನೂ ಕೇಳದವರು ಇರುತ್ತಾರೆ.

ಮೊದಲ ಪತ್ರ ಐದು ಸಾಲು ಮೀರಬಾರದು. ನಾನು ಕ್ರೈಸ್ತ ಚಾಪ್ಲಿನ್ ಎಂಬುದು ಮೊದಲ ಸಾಲಿನಲ್ಲೇ ಇರಬೇಕು. ‘ನಾಯಕತ್ವ ಸಂವಾದ’ ಎಂದು ಕರೆದು ಮೂರನೇ ಭೇಟಿಯಲ್ಲಿ ಯೇಸುವಿನ ಹೆಸರು ತೆಗೆದರೆ ಅದು ಗಾಳ ಹಾಕಿದಂತೆಯೇ. ಒಬ್ಬರಿಗೆ ಗೊತ್ತಾದರೆ ಅವರ ವಲಯಕ್ಕೆಲ್ಲ ಗೊತ್ತಾಗುತ್ತದೆ. ಪತ್ರ ಮೊದಲು ಓದುವುದು ಆಪ್ತ ಸಹಾಯಕರು. ಅವರ ಹತ್ತಿರ ಗುಟ್ಟು ಮಾಡಬೇಡಿ, ಹಾಗೆಂದು ವಿವರವನ್ನೂ ಹೇಳಬೇಡಿ. ಕ್ಯಾಲೆಂಡರ್‌ನಲ್ಲಿ ‘ವೈಯಕ್ತಿಕ’ ಎಂದಿದ್ದರೆ ಸಾಕು.

ಭೇಟಿಗೆ 40 ನಿಮಿಷದ ಸಮಯ ಕೇಳಿಕೊಂಡು, 35ಕ್ಕೇ ಏಳುತ್ತೇನೆ. ಕೈಯಲ್ಲಿ ಕರಪತ್ರ ಇರುವುದಿಲ್ಲ. ಕೇಳುವುದು ಎರಡೇ ಪ್ರಶ್ನೆ: ‘ಈಚೆಗೆ ಯಾವ ನಿರ್ಧಾರ ನಿದ್ದೆ ಕೆಡಿಸಿದೆ?’ ಆಮೇಲೆ, ‘ಅದನ್ನು ಯಾರ ಹತ್ತಿರ ಹೇಳಿಕೊಂಡಿರಿ?’ ಎರಡನೆಯದಕ್ಕೆ ಹೆಚ್ಚಿನವರ ಉತ್ತರ ಯಾರ ಹತ್ತಿರವೂ ಇಲ್ಲ ಎಂದೇ. ಮನೆಯಲ್ಲಿ ಹೇಳಿದರೆ ಹೆದರುತ್ತಾರೆ, ಆಡಳಿತ ಮಂಡಳಿಗೆ ಹೇಳಿದರೆ ದೌರ್ಬಲ್ಯ, ಗೆಳೆಯರಿಗೆ ಹೇಳಿದರೆ ಮಾರುಕಟ್ಟೆಗೆ ಹೇಳಿದಂತೆ. ಆ ಉತ್ತರ ಬಂದ ಮೇಲೆ ಸುಮ್ಮನಿರುವುದೇ ಕಷ್ಟದ ಭಾಗ. ಎದುರಿನವರು ಸಲಹೆ ಬರುತ್ತದೆಂದು ಕಾಯುತ್ತಾರೆ; ಸಲಹೆ ಕೊಟ್ಟರೆ ಚಾಪ್ಲಿನ್ ಇನ್ನೊಬ್ಬ ಕನ್ಸಲ್ಟೆಂಟ್ ಆಗುತ್ತಾನೆ, ಅದೂ ಕಳಪೆ ದರ್ಜೆಯವನು.

ಹೊರಡುವಾಗ, ‘ನಿಮಗಾಗಿ ಪ್ರಾರ್ಥಿಸಲೇ? ಇಲ್ಲೇ, ಅಥವಾ ನಾನು ಮನೆಗೆ ಹೋದ ಮೇಲೆ?’ ಎಂದು ಕೇಳುತ್ತೇನೆ. ಎರಡನೇ ಆಯ್ಕೆ ಇರುವುದರಿಂದ ಮುಖ ಮುರಿಯದೆ ಬೇಡ ಎನ್ನಬಹುದು. ಇಲ್ಲೇ ಎಂದರೆ ಪ್ರಾರ್ಥನೆ ಒಂದು ನಿಮಿಷದೊಳಗೆ, ಅವರೇ ಬಳಸಿದ ಮಾತುಗಳಲ್ಲಿ. ವ್ಯವಹಾರ ಕುದುರಲಿ, ಷೇರು ಏರಲಿ ಎಂದು ಪ್ರಾರ್ಥಿಸುವುದಿಲ್ಲ. ಆ ಪ್ರಾರ್ಥನೆ ಈಡೇರಿದರೆ ಆಗುವ ಹಾನಿಯೇ ಹೆಚ್ಚು.

ಚಾಪ್ಲಿನ್ ಹೆಚ್ಚು ಬೇಕಾಗುವುದು ನೌಕರರನ್ನು ಕೆಲಸದಿಂದ ತೆಗೆಯುವ ಹಿಂದಿನ ಸಂಜೆ. ‘ನಾನು ಮಾಡುತ್ತಿರುವುದು ಸರಿಯೇ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಲೆಕ್ಕಪತ್ರ ನೋಡದವನು ಹೌದು ಅನ್ನಬಾರದು, ಅಲ್ಲ ಅನ್ನಲೂಬಾರದು. ಅದರ ಬದಲು ಮರುದಿನ ಬೆಳಗ್ಗೆ ಏನೇನು ನಡೆಯಲಿದೆ ಎಂಬುದನ್ನು ಒಟ್ಟಿಗೆ ಕೂತು ಹಂತಹಂತವಾಗಿ ನೋಡುತ್ತೇವೆ. ಕೋಣೆಯಲ್ಲಿ ಯಾರಿರುತ್ತಾರೆ? ಮೊದಲ ವಾಕ್ಯದಲ್ಲೇ ನಿರ್ಧಾರ ಇದೆಯೇ, ಅಥವಾ ಹತ್ತು ನಿಮಿಷದ ಪೀಠಿಕೆಯೇ? ‘ನನಗೂ ಇದು ತುಂಬ ಕಷ್ಟದ ದಿನ’ ಎಂಬ ಸಾಲಿದ್ದರೆ ಹೊಡೆದುಹಾಕಿಸುತ್ತೇನೆ. ಕೆಲಸ ಕಳೆದುಕೊಳ್ಳುವವನ ಮುಂದೆ ಅದನ್ನು ಹೇಳುವಂತಿಲ್ಲ. ಅದನ್ನು ಹೇಳಿಕೊಳ್ಳಲು ಚಾಪ್ಲಿನ್ ಇದ್ದಾನೆ. ಮರುದಿನ ಸಂಜೆ ಫೋನ್ ಮಾಡುವುದು ತಪ್ಪಬಾರದು.

ಇಂಥ ಸಂಜೆಗಳಲ್ಲಿ ಕಿವಿಗೆ ಬೀಳುವ ಸಂಗತಿಗಳು ಕಾನೂನಿನ ಪ್ರಕಾರ ಅಪಾಯಕಾರಿ. ಷೇರು ಪೇಟೆಯಲ್ಲಿರುವ ಕಂಪನಿಯ ವಿಲೀನ, ನಷ್ಟ, ರಾಜೀನಾಮೆ ಪ್ರಕಟವಾಗುವ ಮೊದಲೇ ತಿಳಿದರೆ ಚಾಪ್ಲಿನ್ ಕೂಡ ಒಳಗಿನವನೇ. ಯುರೋಪ್ ಒಕ್ಕೂಟದಲ್ಲಿ 2016ರ ಜುಲೈಯಿಂದ ಅನ್ವಯವಾದ ಮಾರುಕಟ್ಟೆ ದುರುಪಯೋಗ ನಿಯಮವು ಅಂಥ ಮಾಹಿತಿ ಇಟ್ಟುಕೊಂಡು ವಹಿವಾಟು ನಡೆಸುವುದನ್ನೂ ಸಕಾರಣವಿಲ್ಲದೆ ಅದನ್ನು ಇನ್ನೊಬ್ಬರಿಗೆ ಹೇಳುವುದನ್ನೂ ನಿಷೇಧಿಸುತ್ತದೆ. ಹಾಗಾಗಿ ಮೊದಲ ಭೇಟಿಯಲ್ಲೇ ಹೇಳಿಬಿಡುತ್ತೇನೆ: ಮನಸ್ಸಿನ ಭಾರ ಹೇಳಿ, ಕಂಪನಿಯ ಹೆಸರು, ಬೆಲೆ, ದಿನಾಂಕ ಬೇಡ. ಬಾಯಿ ತಪ್ಪಿ ಬಂದರೆ ಅವರ ಕಾನೂನು ವಿಭಾಗಕ್ಕೆ ತಿಳಿಸುವಂತೆ ಕೇಳುತ್ತೇನೆ. ಸೋರಿಕೆಯ ದಾರಿ ಯಾವುದೆಂದು ಕೇಳಿದರೆ ಪ್ರಾರ್ಥನಾ ಕೂಟವನ್ನೇ ಮೊದಲು ತೋರಿಸುತ್ತೇನೆ. ‘ಒಬ್ಬ ಸಹೋದರರ ಕಂಪನಿಗಾಗಿ ಪ್ರಾರ್ಥಿಸೋಣ’ ಎಂಬ ಭಕ್ತಿಯ ಮಾತಿಗೆ ಅರ್ಧ ಊರಿಗೆ ಹೆಸರು ಹೊಳೆಯುತ್ತದೆ. ಮುಖ್ಯಸ್ಥರ ವಿಷಯ ಯಾವ ಪ್ರಾರ್ಥನಾ ಪಟ್ಟಿಗೂ ಹೋಗಬಾರದು.

ಟಿಪ್ಪಣಿಯಲ್ಲಿ ದಿನಾಂಕ, ಮುಂದಿನ ಭೇಟಿ, ಇಷ್ಟೇ. ಯುರೋಪಿನ ದತ್ತಾಂಶ ರಕ್ಷಣಾ ಕಾನೂನಿನ 9ನೇ ವಿಧಿ ಧಾರ್ಮಿಕ ನಂಬಿಕೆಯನ್ನು ವಿಶೇಷ ರಕ್ಷಣೆಯ ಮಾಹಿತಿ ಎಂದೇ ಎಣಿಸುತ್ತದೆ. ಗೋಪ್ಯತೆಗೂ ಮಿತಿ ಇದೆ, ಅದನ್ನೂ ಮೊದಲೇ ಹೇಳಬೇಕು. ಕಥೋಲಿಕ ಗುರುವಿಗೆ ಪಾಪನಿವೇದನೆಯಲ್ಲಿ ಕೇಳಿದ್ದನ್ನು ಹೊರಗೆ ಹೇಳುವ ಹಕ್ಕೇ ಇಲ್ಲ. ಉಳಿದವರು ಅಂಥ ಮಾತು ಕೊಡಬಾರದು. ಜೀವಕ್ಕೆ ಅಪಾಯ, ಮಗುವಿಗೆ ಹಿಂಸೆ, ಇವೆರಡು ನನ್ನಲ್ಲಿ ಗುಟ್ಟಾಗಿ ಉಳಿಯುವುದಿಲ್ಲ. ಬದುಕು ಸಾಕೆಂಬ ಸುಳಿವು ಸಿಕ್ಕರೆ ಆತ್ಮಹತ್ಯೆಯ ಯೋಚನೆ ಇದೆಯೇ ಎಂದು ನೇರವಾಗಿ ಕೇಳುತ್ತೇನೆ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ತಿಳಿವಳಿಕೆ. ಇದೆ ಎಂದರೆ ಒಬ್ಬರನ್ನೇ ಬಿಟ್ಟು ಹೊರಡುವುದಿಲ್ಲ, ವೈದ್ಯರನ್ನು ಕರೆಸಿಯೇ ತೀರುತ್ತೇನೆ.

ಕಂಪನಿಯ ಸಂಬಳದಲ್ಲಿ ನೌಕರರಿಗೆ ಚಾಪ್ಲಿನ್ ಇರುವ ಕಡೆ ಅದೇ ವ್ಯಕ್ತಿ ಮುಖ್ಯಸ್ಥರಿಗೂ ಆಗುವುದು ಬೇಡ. ಮೇಲಿನವರ ಜೊತೆ ಊಟಕ್ಕೆ ಕೂತದ್ದನ್ನು ಕಂಡ ನೌಕರ ಮತ್ತೆ ಬಾಯಿ ಬಿಡುವುದಿಲ್ಲ. ಮುಖ್ಯಸ್ಥರಿಂದ ನಾನು ಸಂಬಳವನ್ನೂ ತೆಗೆದುಕೊಳ್ಳುವುದಿಲ್ಲ, ದೇಣಿಗೆಯನ್ನೂ ಕೇಳುವುದಿಲ್ಲ. ಖರ್ಚು ಚರ್ಚುಗಳಿಂದ, ಈ ಭೇಟಿಗಳಿಗೆ ಸಂಬಂಧವಿಲ್ಲದ ದಾನಿಗಳಿಂದ ಬರಬೇಕು.

ಒಬ್ಬೊಬ್ಬರನ್ನೇ ನೋಡಿದ ಮೇಲೆ ಆರೆಂಟು ಜನರ ಗುಂಪು. ಒಂದೇ ವ್ಯಾಪಾರದ ಇಬ್ಬರು ಬೇಡ. ಪ್ರತಿಸ್ಪರ್ಧಿಗಳು ಬೆಲೆ, ಸಂಬಳದ ಮಾತಿಗೆ ಜಾರಿದರೆ ಸ್ಪರ್ಧಾ ಕಾನೂನು ಬಾಗಿಲಿಗೆ ಬರುತ್ತದೆ. ಒಂದು ಗಂಟೆ, ಅದರಲ್ಲಿ ನನ್ನ ಮಾತು ಹತ್ತು ನಿಮಿಷ. ಬೈಬಲ್ ಹಂಚುವ ಬದಲು ಒಂದೇ ಹಾಳೆಯಲ್ಲಿ ಭಾಗವನ್ನು ವಚನಸಂಖ್ಯೆ ತೆಗೆದು ಅಚ್ಚುಹಾಕುತ್ತೇನೆ. ಬೈಬಲಿನಲ್ಲಿ ಪ್ರಸಂಗಿ ಎಂಬ ಗ್ರಂಥ ಎಲ್ಲಿದೆಯೆಂದು ಹುಡುಕುತ್ತ ನಾಚಿಕೊಳ್ಳುವ ಪ್ರಮೇಯ ಬರಬಾರದು. ಕಂಪನಿ ಕಟ್ಟಿದವರಿಗೆ ಪ್ರಸಂಗಿ 2:18ರಿಂದ 21 ಕೊಟ್ಟರೆ ವಿವರಣೆಯೇ ಬೇಡ: ನಾನು ದುಡಿದದ್ದನ್ನೆಲ್ಲ ನನ್ನ ನಂತರ ಬರುವವನಿಗೆ ಬಿಟ್ಟುಹೋಗಬೇಕು, ಅವನು ಜಾಣನೋ ಮೂಢನೋ ಯಾರಿಗೆ ಗೊತ್ತು? ನಾಸ್ತಿಕರೂ ಅಲ್ಲಿ ನಿಲ್ಲುತ್ತಾರೆ. ಸುಂಕ ವಸೂಲಿ ಮಾಡಿ ಸಿರಿವಂತನಾದ ಜಕ್ಕಾಯನ ಕಥೆ, ಲೂಕ 19, ಬೇರೆ ಕಾರಣಕ್ಕೆ ಹಿಡಿಯುತ್ತದೆ. ಅವನ ಪಶ್ಚಾತ್ತಾಪದಲ್ಲಿ ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟಾಗಿ ಹಿಂದಿರುಗಿಸುವ ಲೆಕ್ಕವಿದೆ, ಲೆಕ್ಕ ಇವರಿಗೆ ಅರ್ಥವಾಗುತ್ತದೆ. ಯೇಸು ಅವನ ಮನೆಗೆ ಹೋದದ್ದು ಆ ಲೆಕ್ಕಕ್ಕೆ ಮುಂಚೆಯೋ ಆಮೇಲೆಯೋ ಎಂದು ಕೇಳಿ ಬಿಟ್ಟರೆ, ಸುವಾರ್ತೆಯ ಮಾತು ಅವರ ಬಾಯಿಂದಲೇ ಶುರುವಾಗುತ್ತದೆ.

ಗುಂಪನ್ನು ಹಾಳುಮಾಡುವುದು ಪ್ರಖ್ಯಾತ ಅತಿಥಿಯ ಸಾಕ್ಷಿ. ನಂಬಿದೆ, ವ್ಯಾಪಾರ ಬೆಳೆಯಿತು ಎನ್ನುವ ಭಾಷಣವಾದ ಮೇಲೆ, ಸಾಲದಲ್ಲಿ ಮುಳುಗಿದವನು ಸದ್ದಿಲ್ಲದೆ ಬರುವುದನ್ನು ನಿಲ್ಲಿಸುತ್ತಾನೆ. ಅತಿಥಿ ಬೇಕೇ ಬೇಕೆಂದರೆ ದಿವಾಳಿಯಾದವರನ್ನು ಕರೆಯಿರಿ.

ಹೊಸದಾಗಿ ನಂಬಿದವರ ಉತ್ಸಾಹಕ್ಕೂ ಕಡಿವಾಣ ಬೇಕು. ನೌಕರರ ಸಭೆಯನ್ನು ಪ್ರಾರ್ಥನೆಯಿಂದ ಶುರುಮಾಡುತ್ತೇನೆ ಎನ್ನುತ್ತಾರೆ. ಸಂಬಳ ಕೊಡುವವರ ಕರೆಗೆ ಬರುವುದಿಲ್ಲ ಎನ್ನುವ ಸ್ವಾತಂತ್ರ್ಯ ನೌಕರನಿಗಿಲ್ಲ. ಅಮೆರಿಕದ 1964ರ ನಾಗರಿಕ ಹಕ್ಕು ಕಾಯ್ದೆಯ ಏಳನೇ ಭಾಗ, ಬ್ರಿಟನ್ನಿನ 2010ರ ಸಮಾನತಾ ಕಾಯ್ದೆ ಎರಡೂ ಕೆಲಸದಲ್ಲಿ ಧರ್ಮದ ಆಧಾರದ ತಾರತಮ್ಯವನ್ನು ನಿಷೇಧಿಸುತ್ತವೆ. ನಡೆಸಲೇಬೇಕೆಂದರೆ ಕೆಲಸದ ವೇಳೆಯ ಹೊರಗೆ, ಬೇರೆಯವರ ಮುಂದಾಳತ್ವದಲ್ಲಿ, ಯಾರು ಬಂದರೆಂದು ಮುಖ್ಯಸ್ಥರಿಗೆ ಗೊತ್ತಾಗದ ಹಾಗೆ. ಇಂಥವರನ್ನು ಚರ್ಚಿಗೆ ಒಪ್ಪಿಸುವಾಗ ಪಾಸ್ಟರ್ ಹತ್ತಿರ ಒಂದು ಕೋರಿಕೆ ಇಡುತ್ತೇನೆ: ಒಂದು ವರ್ಷ ಇವರನ್ನು ವೇದಿಕೆಗೆ ಹತ್ತಿಸಬೇಡಿ, ಕಟ್ಟಡ ನಿಧಿಯ ಸಮಿತಿಗೆ ಹಾಕಬೇಡಿ. ಒಪ್ಪಿದವರೂ ಆರು ತಿಂಗಳಿಗೆ ಮರೆಯುತ್ತಾರೆ, ನೆನಪಿಸಬೇಕು.

ಅಧಿಕಾರ ಹೋದವರ ಭೇಟಿ ನಿಲ್ಲಿಸಬಾರದು. ಹುದ್ದೆ ಹೋದ ಮೊದಲ ವಾರ ಎಲ್ಲರೂ ಫೋನ್ ಮಾಡುತ್ತಾರೆ, ಮೂರನೇ ತಿಂಗಳು ಯಾರೂ ಮಾಡುವುದಿಲ್ಲ. ನಾನು ಎರಡನ್ನೂ ಕ್ಯಾಲೆಂಡರ್‌ನಲ್ಲಿ ಗುರುತು ಹಾಕುತ್ತೇನೆ, ಕಂಪನಿಯ ನಂಬರು ಕೆಲಸ ಮಾಡದ ಕಾರಣ ಸ್ವಂತ ನಂಬರನ್ನು ಮೊದಲೇ ಕೇಳಿಟ್ಟುಕೊಂಡಿರುತ್ತೇನೆ.