ಬೆಂಗ್ಳೂರಲ್ಲಿ ಒಂದು ಪುಟ್ಟ ಪ್ರಯೋಗಾತ್ಮಕ ಸಂಗೀತೋತ್ಸವ ಮಾಡೋದು ಹೇಗೆ

ಮೊದಲ ಸಲ ಮಾಡ್ತಿದೀರ ಅಂದ್ರೆ ಎರಡು ಸಂಜೆ, ಆರೇಳು ಸೆಟ್ (ಒಬ್ರೋ ಒಂದು ಜೋಡಿಯೋ ನುಡಿಸೋ ಒಂದು ಸರದಿ), ಎಂಬತ್ತು ಜನ ಕೂರೋ ಜಾಗ, ಇಷ್ಟು ಸಾಕು. ಸಿಂಥ್ ಡ್ರೋನು (ಸಿಂಥಸೈಸರಲ್ಲಿ ಒಂದೇ ಸ್ವರ ಉದ್ದಕ್ಕೆ ಎಳೆಯೋದು), ಫೀಲ್ಡ್ ರೆಕಾರ್ಡಿಂಗು (ಹೊರಗಿನ ಸದ್ದು ಹಿಡಿದಿಟ್ಟಿದ್ದು), ನಾಯ್ಸು (ಗದ್ದಲವನ್ನೇ ಸಂಗೀತ ಮಾಡೋದು), ಮನೇಲೇ ಬೆಸುಗೆ ಹಾಕಿದ ಸರ್ಕ್ಯೂಟು, ಮೊದಲೇ ಏನೂ ಬರ್ಕೊಳ್ದೆ ಕೂತಲ್ಲೇ ಹುಟ್ಟಿಸೋ ಸಂಗೀತ, ಇವಕ್ಕೆಲ್ಲ ಎಷ್ಟು ಜನ ಬಂದ್ರು ಅನ್ನೋದಕ್ಕಿಂತ ಬಂದೋರು ಕೂತು ಕೇಳೋಕಾಯ್ತಾ ಅನ್ನೋದೇ ಮುಖ್ಯ. ಮೂವತ್ತೇ ಜನ ಬಂದು ಕೊನೇ ತನಕ ಕೂತ್ರೆ ಮುಂದಿನ ವರ್ಷ ಅವ್ರೇ ಇನ್ನೊಬ್ರನ್ನ ಕರ್ಕೊಂಡು ಬರ್ತಾರೆ. ಪಬ್ಬಲ್ಲಿ ಇನ್ನೂರು ಜನ ಹರಟೆ ಹೊಡೀತಾ ನಿಂತಿದ್ರೆ ನುಡಿಸೋರಿಗೂ ಸುಖ ಇಲ್ಲ, ಕೇಳೋಕೆ ಅಂತ್ಲೇ ಬಂದ ನಾಲ್ಕು ಜನಕ್ಕೂ ಇಲ್ಲ. ನಾನು ಮುಂದೆ ಹೇಳೋದೆಲ್ಲ ಈ ನಂಬಿಕೆ ಮೇಲೇ.

ತಾರೀಖು ಮೊದಲು ಫಿಕ್ಸ್ ಮಾಡ್ಕೊಳ್ಳಿ, ಕಮ್ಮಿ ಅಂದ್ರೂ ನಾಲ್ಕು ತಿಂಗಳು ಮುಂಚೆ. ಗಣೇಶನ ಹಬ್ಬದ ಸುತ್ತಮುತ್ತ ಅಂತೂ ಬೇಡವೇ ಬೇಡ, ಬೀದಿಗೊಂದು ಪೆಂಡಾಲು, ಅಲ್ಲಿಂದ ಬರೋ ಬೇಸ್ ಯಾವ ಗೋಡೆಗೂ ನಿಲ್ಲಲ್ಲ, ನೀವು ಕಿಟಕಿ ಎಷ್ಟೇ ಮುಚ್ಚಿದ್ರೂ ಒಳಗೆ ಬಂದೇ ಬರತ್ತೆ. ಮಾರ್ಚಲ್ಲಿ ಪರೀಕ್ಷೆ, ಅಕ್ಕಪಕ್ಕದ ಮನೆಯೋರು ಕಂಪ್ಲೇಂಟ್ ಕೊಟ್ರೆ ಅದು ನ್ಯಾಯಾನೇ. ರಾಮನವಮಿ ಕಚೇರಿಗಳ ಟೈಮಲ್ಲಿ ಕರ್ನಾಟಕ ಸಂಗೀತದ ಕೇಳುಗರು, ಕಲಾವಿದರು ಇಬ್ರೂ ಅಲ್ಲೇ ಇರ್ತಾರೆ, ಡಿಸೆಂಬರಲ್ಲಿ ಪಕ್ಕವಾದ್ಯದೋರು ಚೆನ್ನೈನ ಸಂಗೀತ ಸೀಸನ್‌ಗೆ ಹೋಗಿರ್ತಾರೆ. ಸೆಪ್ಟೆಂಬರ್ ಅಕ್ಟೋಬರ್ ಮಳೆ. ಹಿಂಗೆ ಒಂದೊಂದೇ ಹೊಡೆದು ಹಾಕ್ತಾ ಹೋದ್ರೆ ನವೆಂಬರ್ ಕೊನೆ ಇಲ್ಲಾ ಜನವರಿ ಕೊನೆಯಿಂದ ಫೆಬ್ರವರಿ ಮಧ್ಯದ ತನಕ ಉಳ್ಕೊಳ್ಳತ್ತೆ, ನನಗೆ ಫೆಬ್ರವರಿ ಇಷ್ಟ.

ಜಾಗದ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರೆ ಅರ್ಧ ಕೆಲಸ ಇಲ್ಲೇ ಗೆಲ್ಲೋದು ಸೋಲೋದು. ಹಾಲ್ ನೋಡೋಕೆ ಬೆಳಿಗ್ಗೆ ಹನ್ನೊಂದಕ್ಕೆ ಹೋಗ್ಬೇಡಿ, ಕಾರ್ಯಕ್ರಮ ಯಾವ ಹೊತ್ತಿಗೋ ಅದೇ ಹೊತ್ತಿಗೆ, ಸಂಜೆ ಏಳಕ್ಕೆ ಹೋಗಿ. ಬಾಗ್ಲು ಹಾಕಿ ಮಧ್ಯದಲ್ಲಿ ಸುಮ್ನೆ ಐದು ನಿಮಿಷ ನಿಂತ್ಕೊಳ್ಳಿ. ಫ್ಯಾನಿನ ಗರಗರ, ಹಳೇ ಟ್ಯೂಬ್‌ಲೈಟಿನ ಚೋಕ್ ಗುಂಯ್ ಅನ್ನೋದು, ಪಕ್ಕದ ಕಟ್ಟಡದ ಎಸಿ, ಸಿಗ್ನಲ್ಲಿಂದ ಹೊರಡೋ ಬಸ್ಸು, ಎಲ್ಲ ಒಂದೊಂದಾಗಿ ಕೇಳ್ಸೋಕೆ ಶುರುವಾಗತ್ತೆ. ಫ್ಯಾನ್ ಆರ್ಸಿ ಮತ್ತೆ ಕೇಳಿ, ಫ್ಯಾನಿಲ್ದೆ ಎಂಬತ್ತು ಜನ ಅಲ್ಲಿ ಒಂದು ಗಂಟೆ ಕೂರೋಕಾಗತ್ತಾ ಅದೂ ಯೋಚನೆ ಮಾಡಿ. ಒಂದು ಸಲ ಗಟ್ಟಿಯಾಗಿ ಚಪ್ಪಾಳೆ ಹೊಡೀರಿ, ಟಪ್ ಅಂತ ನಿಂತ್ರೆ ಡ್ರೈ ರೂಮು, ಅಂದ್ರೆ ಸದ್ದು ಮಾರ್ದನಿಸಲ್ಲ, ಗ್ರಾನೈಟ್ ನೆಲ ಬರೀ ಗೋಡೆ ಇದ್ರೆ ಸದ್ದು ಬಾಲ ಎಳ್ಕೊಂಡು ಹೋಗತ್ತೆ, ಡ್ರೋನ್‌ಗೆ ಅದು ಚೆನ್ನಾಗಿರತ್ತೆ ಆದ್ರೆ ಮೃದಂಗ ಮೋರ್ಸಿಂಗ್ ಥರದ್ದು ಕಲಸಿ ಹೋಗತ್ತೆ, ದಪ್ಪ ಪರದೆ ಜಮಖಾನ ಹಾಕಿಸ್ಬೇಕಾಗತ್ತೆ. ಆಮೇಲೆ ಒಂದು ಸಣ್ಣ ಪವರ್ಡ್ ಸ್ಪೀಕರ್ (ಆಂಪ್ಲಿಫೈಯರ್ ಒಳಗೇ ಇರೋದು) ತಗೊಂಡು ಹೋಗಿ ಪ್ರತಿ ಪ್ಲಗ್ ಪಾಯಿಂಟಿಗೂ ಹಾಕಿ ವಾಲ್ಯೂಮ್ ಏರ್ಸಿ ನೋಡಿ. ಮ್‌ಮ್‌ಮ್ ಅಂತ ಒಂದೇ ಶ್ರುತಿಲಿ ಬಂದ್ರೆ ಅದು 50 ಹರ್ಟ್ಜ್ ಕರೆಂಟಿನ ಹಮ್ಮು, ಅರ್ತಿಂಗ್ ಸರಿ ಇಲ್ದೆ ಇರ್ಬಹುದು, ಎಲೆಕ್ಟ್ರಿಷಿಯನ್ ಕರೆಸಿ ಸರಿ ಮಾಡಿಸ್ಬೇಕು, ಅರ್ತ್ ಪಿನ್ ಕಿತ್ತಾಕೋ ಶಾರ್ಟ್‌ಕಟ್ ಮಾತ್ರ ಯಾವತ್ತೂ ಬೇಡ, ಮೈಕ್ ಮುಟ್ಟಿದೋರಿಗೆ ಶಾಕ್ ಹೊಡೆಯತ್ತೆ. ಕರೆಂಟ್ ಹೋದ್ರೆ ಜನರೇಟರ್ ಬರೋ ಆ ಕೆಲವು ಸೆಕೆಂಡಲ್ಲಿ ಮಾಡ್ಯುಲರ್ ಸಿಂಥಲ್ಲಿ ವೈರ್ ಜೋಡಿಸಿ ಹದ ಮಾಡಿಟ್ಟ ಸದ್ದು ಹಾಳಾಗತ್ತೆ, ಲ್ಯಾಪ್‌ಟಾಪಿನ ಸದ್ದು ಹೊರಗೆ ತರೋ ಆಡಿಯೊ ಇಂಟರ್‌ಫೇಸ್ ರೀಸ್ಟಾರ್ಟ್ ಆಗತ್ತೆ, ಅದಕ್ಕೆ ಸ್ಟೇಜಿಗೆ ಒಂದು ಯುಪಿಎಸ್ ಇರ್ಲೇಬೇಕು.

ಬೆಂಗ್ಳೂರಲ್ಲಿ ಇಂಥದ್ದಕ್ಕೆ ಮನಸ್ಸಿರೋ ಜಾಗಗಳಿವೆ, ಶಾಂತಿನಗರದ 1 ಶಾಂತಿರೋಡ್, ಇಂದಿರಾನಗರದಲ್ಲಿರೋ ಜರ್ಮನ್ ಸಾಂಸ್ಕೃತಿಕ ಕೇಂದ್ರ ಮ್ಯಾಕ್ಸ್ ಮುಲ್ಲರ್ ಭವನ, ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್, ಬನಶಂಕರಿಯ ಸುಚಿತ್ರ. ಜರ್ಮನಿಯ ಕಲಾವಿದರು ಒಬ್ರಿದ್ರೆ ಮ್ಯಾಕ್ಸ್ ಮುಲ್ಲರ್ ಭವನಕ್ಕೆ, ಫ್ರಾನ್ಸಿನೋರಿದ್ರೆ ಅಲಿಯಾನ್ಸ್ ಫ್ರಾನ್ಸೇಸ್‌ಗೆ ಹೋಗಿ ಕೇಳಿ, ದುಡ್ಡು ಸಿಗದಿದ್ರೂ ಹಾಲ್ ಸಿಗಬಹುದು. ಮೆಟ್ರೋ ಹತ್ರ ಇರೋ ಜಾಗ ಆದ್ರೆ ಇನ್ನೂ ಒಳ್ಳೇದು. ಒಂಬತ್ತೂವರೆಗೆ ಮುಗ್ಸಿ, ಜನ ನಿಶ್ಚಿಂತೆಯಾಗಿ ಮನೆ ಸೇರ್ತಾರೆ.

ಪರ್ಮಿಷನ್ ವಿಷಯ ಹಗುರವಾಗಿ ತಗೋಬೇಡಿ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಹಾಕೋ ಹಾಗಿಲ್ಲ, ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್ ರಾತ್ರಿ 45 ಮಿತಿ, ಆಸ್ಪತ್ರೆ ಶಾಲೆ ಕೋರ್ಟ್ ಸುತ್ತ 100 ಮೀಟರನ್ನ ನಿಶ್ಶಬ್ದ ವಲಯ ಅಂತ ಘೋಷಿಸಿರ್ಬಹುದು. ಹಾಲ್ ನಡೆಸೋರ ಹತ್ರ ಯಾವ್ಯಾವ ಅನುಮತಿ ಇದೆ ಕೇಳಿ, ಉಳಿದಿದ್ದಕ್ಕೆ ಏರಿಯಾ ಪೊಲೀಸ್ ಠಾಣೆಲಿ ಅರ್ಜಿ ಕೊಟ್ಟು ಸೀಲ್ ಹಾಕಿದ ಕಾಪಿ ಇಟ್ಕೊಳ್ಳಿ. ಇದಕ್ಕಿಂತ ಕೆಲಸಕ್ಕೆ ಬರೋದು ಅಂದ್ರೆ ಒಂದು ವಾರ ಮುಂಚೆ ಅಕ್ಕಪಕ್ಕದ ಹತ್ತು ಮನೆಗೆ ಖುದ್ದಾಗಿ ಹೋಗಿ, ಇಂಥ ದಿನ ಇಷ್ಟು ಗಂಟೆ ತನಕ ಸ್ವಲ್ಪ ಸದ್ದು ಇರತ್ತೆ ಆಂಟಿ, ತೊಂದ್ರೆ ಆದ್ರೆ ಈ ನಂಬರಿಗೆ ಫೋನ್ ಮಾಡಿ, ನೀವೂ ಬನ್ನಿ, ಅಂತ ಹೇಳಿ ಬರೋದು. ಅವ್ರಲ್ಲಿ ಒಂದಿಬ್ರು ನಿಜವಾಗ್ಲೂ ಬರ್ತಾರೆ.

ಕಲಾವಿದರನ್ನ ಆರಿಸೋವಾಗ ಏಳೂ ಜನ ಲ್ಯಾಪ್‌ಟಾಪ್ ಮುಂದೆ ಕೂರೋರೇ ಆಗೋದು ಬೇಡ. ಘಟ ನುಡಿಸೋರು, ಕೊನ್ನಕೋಲ್ (ಬಾಯಲ್ಲೇ ತಾಳದ ಸೊಲ್ಲು) ಹೇಳೋರು, ತಮಟೆ ಬಡಿಯೋರು, ಇವ್ರಲ್ಲಿ ಹೊಸದು ಮಾಡೋಕೆ ಹಪಹಪಿಸ್ತಿರೋರು ಇದ್ದೇ ಇರ್ತಾರೆ, ಆದ್ರೆ ಯಾರೂ ಕರೆದಿರಲ್ಲ. ಅಂಥವ್ರನ್ನ ಒಬ್ಬ ಎಲೆಕ್ಟ್ರಾನಿಕ್ ಕಲಾವಿದರ ಜೊತೆ ಕೂರಿಸಿ, ಆದ್ರೆ ಅದೇ ದಿನ ಪರಿಚಯ ಮಾಡ್ಸಿ ಸ್ಟೇಜ್ ಹತ್ಸೋದು ಅನ್ಯಾಯ, ಎರಡು ಸಲನಾದ್ರೂ ಮೊದಲೇ ಸೇರಿ ನುಡಿಸೋ ವ್ಯವಸ್ಥೆ ಮಾಡಿ. ಸೆಟ್ ಇಪ್ಪತ್ತೈದು ನಿಮಿಷ ಸಾಕು. ಮೆತ್ತಗಿನ ಸೆಟ್ ಮೊದಲು, ಜೋರಿಂದು ಕೊನೆಗೆ, ಯಾಕಂದ್ರೆ ನಾಯ್ಸ್ ಸೆಟ್ ಆದ್ಮೇಲೆ ಕಿವಿಗೆ ಪಿಸುಮಾತು ಹಿಡಿಯಲ್ಲ. ನೂರು ಡೆಸಿಬೆಲ್ ಮಟ್ಟದಲ್ಲಿ ಕಾಲು ಗಂಟೆಗಿಂತ ಜಾಸ್ತಿ ಕೂರೋದು ಕಿವಿಗೆ ಅಪಾಯ, ಬಾಗ್ಲಲ್ಲೇ ಫೋಮ್ ಇಯರ್‌ಪ್ಲಗ್ ಒಂದು ಡಬ್ಬ ಇಟ್ಬಿಡಿ. ಇನ್ನೊಂದು, ರೂಮಿನ ಎರಡೂ ತುದಿಲಿ ಒಂದೊಂದು ಸೆಟಪ್ ಹಾಕಿ, ಈ ಕಡೆ ನುಡಿಸ್ತಿರೋವಾಗ ಆ ಕಡೆಯೋರು ಸದ್ದಿಲ್ದೆ ಕೇಬಲ್ ಹಾಕ್ಕೊಳ್ತಾರೆ, ಮುಗಿದ ಕೂಡ್ಲೇ ಜನ ಕುರ್ಚಿ ತಿರುಗಿಸ್ಕೊಂಡ್ರೆ ಆಯ್ತು. ಇದು ನಡೀಬೇಕಂದ್ರೆ ಯಾರಿಗೆ ಮಿಕ್ಸರಲ್ಲಿ ಎಷ್ಟು ಚಾನೆಲ್, ಎಷ್ಟು ಡಿಐ ಬಾಕ್ಸ್ (ವಾದ್ಯನ ಮಿಕ್ಸರಿಗೆ ಜೋಡಿಸೋ ಡಬ್ಬ), ಎಷ್ಟು ಪ್ಲಗ್ ಪಾಯಿಂಟ್, ಟೇಬಲ್ ಎಷ್ಟು ಎತ್ತರ ಅಂತ ಒಂದು ತಿಂಗಳು ಮುಂಚೆನೇ ಬರೆಸ್ಕೊಂಡಿರ್ಬೇಕು.

ದುಡ್ಡು. ಟಿಕೆಟ್ ಇಡಿ, ಫ್ರೀ ಅಂದ್ರೆ ಬರ್ತೀನಿ ಅಂದೋರಲ್ಲಿ ಸುಮಾರು ಜನ ಬರಲ್ಲ. ದಿನಕ್ಕೆ 300 ರೂಪಾಯಿ, 80 ಸೀಟು, ಎರಡು ದಿನ ಫುಲ್ ಆದ್ರೆ 48,000. ಆದ್ರೆ ಬಜೆಟ್ ಹಾಕೋವಾಗ ಅರ್ಧ ಸೀಟೇ ತುಂಬತ್ತೆ, 24,000 ಬರತ್ತೆ ಅಂತ ಲೆಕ್ಕ ಹಾಕಿ, ಉಳಿದಿದ್ದು ಎಲ್ಲಿಂದ ಅಂತ ಮೊದಲೇ ಗೊತ್ತಿರ್ಬೇಕು. ತಲೆಗೆ 500 ರೂಪಾಯಿ ತನಕದ ಸಂಗೀತ ಕಾರ್ಯಕ್ರಮದ ಪ್ರವೇಶಕ್ಕೆ ಜಿಎಸ್‌ಟಿ ವಿನಾಯ್ತಿ ಇದೆ, ಅದನ್ನ ದಾಟ್ಬೇಡಿ. ಕಲಾವಿದರು ತಮ್ಮದೇ ರಚನೆ ನುಡಿಸ್ತಾರಾ, ಅವ್ರು ಐಪಿಆರ್‌ಎಸ್ (ಸಂಗೀತ ರಚಿಸೋರ ಪರವಾಗಿ ರಾಯಲ್ಟಿ ವಸೂಲಿ ಮಾಡೋ ಸಂಸ್ಥೆ) ಸದಸ್ಯರಾ ಕೇಳ್ಕೊಳ್ಳಿ, ಸದಸ್ಯರಾಗಿದ್ರೆ ಇಲ್ಲಾ ಬೇರೆಯೋರ ರಚನೆ ನುಡಿಸೋದಿದ್ರೆ ಲೈಸೆನ್ಸ್ ಬೇಕಾಗಬಹುದು. ಕಲಾವಿದರಿಗೆ ದುಡ್ಡು ಕೊಡ್ಲೇಬೇಕು, ಎಲ್ರಿಗೂ ಒಂದೇ ಮೊತ್ತ, ಅದೇ ರಾತ್ರಿ ಯುಪಿಐ ಮಾಡಿ ಕಳಿಸ್ಬಿಡಿ. ಎಕ್ಸ್‌ಪೋಷರ್ ಸಿಗತ್ತೆ ಅಂತ ಹೇಳಿ ಬಿಟ್ಟಿ ನುಡಿಸೋಕೆ ಕರೆಯೋರನ್ನ ಕಂಡ್ರೆ ನನಗೆ ನಿಜವಾಗ್ಲೂ ಸಂಕಟ ಆಗತ್ತೆ. ಬ್ಯಾನರ್ ಕಮ್ಮಿ ಮಾಡಿ, ಊಟ ಸಿಂಪಲ್ ಮಾಡಿ, ಇದನ್ನ ಮಾತ್ರ ಕಮ್ಮಿ ಮಾಡ್ಬೇಡಿ.

ಪ್ರಚಾರಕ್ಕೆ ಬರೋಣ. ಪೋಸ್ಟರಲ್ಲಿ ಆಂಬಿಯೆಂಟ್, ಎಲೆಕ್ಟ್ರೊಅಕೂಸ್ಟಿಕ್ ಅಂತೆಲ್ಲ ಹಾಕಿದ್ರೆ ಗೊತ್ತಿರೋ ನಲವತ್ತು ಜನಕ್ಕಷ್ಟೇ ಮುಟ್ಟತ್ತೆ. ಅದರ ಬದ್ಲು ಏನು ಕೇಳ್ಸತ್ತೆ ಅಂತ ಬರೀರಿ, 'ಕಬ್ಬನ್ ಪಾರ್ಕಿನ ಬೆಳಗಿನ ಸದ್ದುಗಳನ್ನ ನಾಲ್ಕು ಸ್ಪೀಕರಲ್ಲಿ ಕತ್ತಲೆ ರೂಮಲ್ಲಿ ಕೂತು ಕೇಳಿ' ಅಂದ್ರೆ ನಮ್ಮಮ್ಮನೂ ಬರ್ತಾರೆ. ಕನ್ನಡದಲ್ಲಿ ಪೋಸ್ಟರ್ ಮಾಡಿ, ಇಂಗ್ಲಿಷ್‌ದನ್ನ ಅನುವಾದ ಮಾಡಿ ಮೂಲೆಲಿ ಸಣ್ಣಕ್ಷರದಲ್ಲಿ ಹಾಕೋದಲ್ಲ, ಕನ್ನಡಕ್ಕೇ ಅಂತ ಕೂತು ಬರೆದಿದ್ದು. ರೀಲ್ಸ್‌ಗೆ ಕ್ಲಿಪ್ ಆರಿಸೋವಾಗ ಫೋನ್ ಸ್ಪೀಕರಲ್ಲಿ ಕೇಳಿ ಆರಿಸಿ, ಡ್ರೋನಿನ ಬೇಸ್ ಎಲ್ಲ ಅದ್ರಲ್ಲಿ ಮಾಯವಾಗತ್ತೆ, ಗಂಟೆ, ಕೆರೆಯೋ ಸದ್ದು, ಉಸಿರು, ಬಾಯಿಮಾತು ಇಂಥವು ಚೆನ್ನಾಗಿ ಬರತ್ತೆ. ಇದೆಲ್ಲ ಫಾರಿನ್ ಗೀಳು ಅನ್ನೋರು ಸಿಗ್ತಾರೆ, ಸ್ಪಾನ್ಸರ್ ಹುಡುಕೋವಾಗ ಜಾಸ್ತಿ ಸಿಗ್ತಾರೆ. 1969ರಲ್ಲೇ ಅಹಮದಾಬಾದಿನ ಡಿಸೈನ್ ಸಂಸ್ಥೆ ಎನ್‌ಐಡಿಯಲ್ಲಿ ಮೋಗ್ ಸಿಂಥಸೈಸರ್ ಇಟ್ಟು ಸ್ಟುಡಿಯೊ ಮಾಡಿದ್ರು, ಸಂಗೀತಗಾರ್ತಿ ಗೀತಾ ಸಾರಾಭಾಯಿ ಥರದೋರು ಅಲ್ಲಿ ಕೆಲಸ ಮಾಡಿದಾರೆ, ಅಂತ ಅವ್ರಿಗೆ ಖುಷಿಯಿಂದ ಹೇಳಿ.

ಆದ್ರೆ ಸೀಟು ತುಂಬೋದು ಒಬ್ರಿಂದ ಒಬ್ರಿಗೆ ಹೇಳಿದಾಗ್ಲೇ. ನಾಟಕದೋರು, ಸಿನಿಮಾ ಸೌಂಡ್ ಡಿಸೈನ್ ಮಾಡೋರು, ಆರ್ಕಿಟೆಕ್ಚರ್ ಮತ್ತೆ ಎಲೆಕ್ಟ್ರಾನಿಕ್ಸ್ ಓದೋ ಹುಡುಗ್ರು ಹುಡುಗೀರು, ಪಕ್ಷಿ ನೋಡೋಕೆ ಹೋಗೋ ಗುಂಪುಗಳು, ವೀಣೆ ಪಾಠ ಹೇಳೋ ಟೀಚರ್‌ಗಳು, ಇವ್ರಿಗೆ ಗ್ರೂಪ್ ಫಾರ್ವರ್ಡ್ ಮಾಡ್ಬೇಡಿ, ಒಬ್ಬೊಬ್ರಿಗೂ ಹೆಸರು ಹಾಕಿ ಎರಡು ಸಾಲು ಬರೆದು ಕಳಿಸಿ. ಪೋಸ್ಟರ್ ಆರು ವಾರ ಮುಂಚೆ, ಕ್ಲಿಪ್‌ಗಳು ಕೊನೇ ಎರಡು ವಾರ, ಪತ್ರಿಕೆಗಳ ಕಾರ್ಯಕ್ರಮ ಪಟ್ಟಿಗೆ ನಾಲ್ಕೈದು ದಿನ ಮುಂಚೆ ಇಮೇಲು.

ಕಾರ್ಯಕ್ರಮದ ದಿನ, ಹೇಳಿದ ಟೈಮಿಗೆ ಸರಿಯಾಗಿ ಶುರು ಮಾಡಿ. ರಂಗಶಂಕರದಲ್ಲಿ ಲೇಟಾಗಿ ಬಂದ್ರೆ ಒಳಗೆ ಬಿಡಲ್ಲ ಅಂತ ಊರಿಗೇ ಗೊತ್ತು, ಅದಕ್ಕೇ ಜನ ಟೈಮಿಗೆ ಬರ್ತಾರೆ. ನೀವು ಸೆಟ್ ಮಧ್ಯೆ ಬಾಗ್ಲು ತೆಗೀಬೇಡಿ, ಎರಡು ಸೆಟ್ ನಡುವೆ ಬಿಡಿ. ಎಲ್ಲ ಸೆಟ್ಟೂ ಮಿಕ್ಸರಿಂದ ಮಲ್ಟಿಟ್ರ್ಯಾಕ್ (ಒಂದೊಂದು ಚಾನೆಲ್ಲೂ ಬೇರೆ ಬೇರೆಯಾಗಿ) ರೆಕಾರ್ಡ್ ಮಾಡ್ಕೊಳ್ಳಿ, ಅದನ್ನ ಆನ್‌ಲೈನಲ್ಲಿ ಹಾಕೋದು ಬಿಡೋದು ಕಲಾವಿದರ ಒಪ್ಪಿಗೆ ಮೇಲೆ. ಮುಗಿದ ಒಂದು ವಾರದೊಳಗೆ ಖರ್ಚುವೆಚ್ಚದ ಶೀಟ್ ಕಲಾವಿದರಿಗೆ, ವಾಲಂಟಿಯರ್‌ಗಳಿಗೆ ಎಲ್ರಿಗೂ ಕಳಿಸಿ, ಮುಂದಿನ ವರ್ಷದ ತಾರೀಖಿಗೆ ಹಾಲ್ ಅವತ್ತೇ ಕೇಳಿಡಿ.